ಕೋವಿಯ ಬಾಲದ ತೂಕ

ಕಳೆದ ಬೇಸಗೆಯ ರಜೆಯಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿರುವ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದೆ. ಒಂದು ಮಧ್ಯಾಹ್ನ ಕೈತೊಳೆದು ಬಂದು ನೋಡುತ್ತೇನೆ, ಅವಳ ಮಗ ಅಡಿಗೆಮನೆಯ ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟುಕೊಂಡು, ಬೆರಳುದ್ದದ ನಾಲ್ಕು ಲೋಹದ ಕೊಳವೆಗಳನ್ನು ಒಂದೊಂದಾಗಿ ತೂಗಿ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾನೆ. ಅಕ್ಕ ಸಾರಿನ ಪುಡಿ ತೂಗುವ ತಕ್ಕಡಿ ಅದು. ನಾನು ಒಂದು ಕೊಳವೆಯನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲುಗಿಸಿದೆ. ಒಳಗೆ ಏನೋ ಕಟಕಟ ಎಂದಿತು.

“ಇದರೊಳಗೆ ಏನೋ ಮುರಿದಿದೆ ಕಣೋ” ಎಂದೆ.

“ಇಲ್ಲ ಮಾಮ, ಅದು ಸದ್ದು ಮಾಡಬೇಕು. ಮಾಡದೆ ಇದ್ದರೆ ಕೆಟ್ಟಿದೆ ಅಂತ ಅರ್ಥ” ಎಂದು ಹುಡುಗ ನಕ್ಕ.

ಅದರ ಹೆಸರು ಬಫರ್. ಹಳೆಯ ರೈಲುಬಂಡಿಗಳ ಮುಖದಲ್ಲಿ ಎರಡು ದುಂಡು ತಟ್ಟೆಗಳಿದ್ದು, ಬಂಡಿಗೆ ಬಂಡಿ ತಾಕಿದಾಗ ಏಟನ್ನು ನುಂಗಿಕೊಳ್ಳುತ್ತಿದ್ದುವಲ್ಲ, ಅದೇ ಹೆಸರು, ಹೆಚ್ಚು ಕಡಿಮೆ ಅದೇ ಕೆಲಸ. ಇದು ಕೋವಿಯ ಬಫರು. ನನ್ನ ಸೋದರಳಿಯ ಮನೆಯಲ್ಲಿಯೇ ಒಂದು ಕಾರ್ಬೈನ್ ರೈಫಲನ್ನು ಜೋಡಿಸುತ್ತಿದ್ದಾನೆ; ಅದಕ್ಕೆ ನಾಲ್ಕರಲ್ಲಿ ಯಾವ ಬಫರ್ ಒಪ್ಪೀತೆಂದು ನೋಡುತ್ತಿದ್ದಾನೆ.

ಈ ಮಾತನ್ನು ಕೇಳಿ ವಾಚಕರು ಹುಬ್ಬೇರಿಸಿದರೆ ತಪ್ಪಲ್ಲ, ನಾನೂ ಏರಿಸಿದೆ. ನಮ್ಮಲ್ಲಿ ೧೯೫೯ರ ಶಸ್ತ್ರ ಕಾಯಿದೆಯ ಪ್ರಕಾರ ಲೈಸನ್ಸಿಲ್ಲದೆ ಬಂದೂಕು ತಯಾರಿಸುವುದು ದೊಡ್ಡ ಅಪರಾಧ. ಪರಂಪರೆಯ ಹಕ್ಕಿನಿಂದ ಕೋವಿಯಿಟ್ಟುಕೊಳ್ಳಲು ವಿನಾಯಿತಿ ಪಡೆದಿರುವ ಕೊಡವರಿಗೂ ಅದನ್ನು ಇಟ್ಟುಕೊಳ್ಳುವ ವಿನಾಯಿತಿಯೇ ಹೊರತು ಮಾಡುವ ಹಕ್ಕಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ೧೯೬೮ರ ಕಾಯಿದೆಯ ಕಣ್ಣಿನಲ್ಲಿ ಈ ಬಗೆಯ ರೈಫಲಿನ ಒಂದೇ ಒಂದು ಭಾಗ, ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಒಡಲು, ‘ಬಂದೂಕು’ ಎನಿಸಿಕೊಳ್ಳುತ್ತದೆ. ಉಳಿದುದೆಲ್ಲ ಬಿಡಿಭಾಗ, ಸೈಕಲ್ಲಿನ ಪೆಡಲಿನಂತೆ ಅಂಗಡಿಯಿಂದ ತರಬಹುದು. ಸ್ವಂತಕ್ಕೆ ಜೋಡಿಸಿಕೊಳ್ಳುವುದನ್ನು ಬಹುಪಾಲು ಸಂಸ್ಥಾನಗಳು ತಡೆಯುವುದಿಲ್ಲ; ಕೆಲವು ತಡೆಯುತ್ತವೆ. ಹುಡುಗ ಅಲ್ಲಿಯೇ ಹುಟ್ಟಿ ಬೆಳೆದವನು. ಅವನ ಸ್ನೇಹಿತರಲ್ಲಿ ಅರ್ಧ ಜನಕ್ಕೆ ಇದೇ ಹವ್ಯಾಸ. ಅಕ್ಕನಿಗೆ ಇದು ಕಿಂಚಿತ್ತೂ ಹಿಡಿಸಿಲ್ಲ. ನನಗೂ ಊಟದ ಮೇಜಿನ ಮೇಲೆ ಅದನ್ನು ನೋಡಿ ಒಂದು ಬಗೆಯ ಇರುಸುಮುರುಸಾಯಿತು. ಆದರೆ ಆ ಕಟಕಟ ಸದ್ದು ಕಿವಿಯಿಂದ ಹೋಗಲೊಲ್ಲದು. ಏಟನ್ನು ನುಂಗಬೇಕಾದ ವಸ್ತುವಿನೊಳಗೆ ಸಡಿಲವಾದ ಬಿಲ್ಲೆಗಳನ್ನು ತುಂಬಿದವರು ಯಾರು, ಏತಕ್ಕೆ? ಹುಡುಗನನ್ನು ಕೇಳಿದರೆ, “ಎಲ್ಲಾ ಹಾಗೇ ಬರುತ್ತವೆ ಮಾಮ” ಎಂದ. ಹಳೆಯ ಗ್ರಂಥಗಳ ಪಾಠಾಂತರಗಳನ್ನು ಹುಡುಕುವ ಕಸುಬಿನವನಿಗೆ ಆ ಉತ್ತರ ಸಾಲದು. ಉಳಿದ ದಿನಗಳನ್ನು ಆ ಊರಿನ ಪುಸ್ತಕ ಭಂಡಾರದಲ್ಲಿ ಕಳೆದೆ. ಅಲ್ಲಿ ಸಿಕ್ಕಿದ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಈ ಕೋವಿಯ ದೇಹರಚನೆಯ ನಾಲ್ಕು ಮಾತು ಹೇಳದೆ ಗತಿಯಿಲ್ಲ. ತೋಟಾ ಸಿಡಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಅದನ್ನು ತಳ್ಳಿದ ಬಿಸಿ ಅನಿಲ ಹಿಂದಿನಿಂದ ಹೋಗುತ್ತದೆ. ನಳಿಗೆಯ ನಡುವೆ ಒಂದು ಸಣ್ಣ ತೂತು. ಅದರ ಮೂಲಕ ಆ ಅನಿಲದ ಒಂದಿಷ್ಟನ್ನು ಕದ್ದು, ತೆಳ್ಳನೆಯ ಕೊಳವೆಯಲ್ಲಿ ಹಿಂದಕ್ಕೆ ಹಾಯಿಸುತ್ತಾರೆ. ಅದು ಒಂದು ಉಕ್ಕಿನ ಗಾಡಿಯನ್ನು ಹಿಂದಕ್ಕೆ ದೂಡುತ್ತದೆ. ತೋಟಾವನ್ನು ಬಂಧಿಸಿಡುವ ಬೋಲ್ಟನ್ನು ಹೊತ್ತಿರುವುದು ಈ ಗಾಡಿಯೇ. ಗಾಡಿ ಹಿಂದೆ ಸರಿದಾಗ ಬೋಲ್ಟಿನ ಬೀಗ ತೆರೆಯುತ್ತದೆ, ಖಾಲಿ ತೋಟಾ ಹೊರಬೀಳುತ್ತದೆ. ಸ್ಪ್ರಿಂಗು ಮತ್ತೆ ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ಗೂಡಿನಲ್ಲಿ ಕೂರುತ್ತದೆ. ಆ ಸ್ಪ್ರಿಂಗು ಇರುವುದು ಹೆಗಲಿಗೆ ಒತ್ತಿಕೊಳ್ಳುವ ಬುಡದೊಳಗಿನ ಕೊಳವೆಯಲ್ಲಿ. ಗಾಡಿಗೂ ಸ್ಪ್ರಿಂಗಿಗೂ ನಡುವೆ ಕುಳಿತ ತುಂಡೇ ಬಫರು. ಹೀಗೆ ಇದು ಕೋವಿಯ ಬಾಲ. ತಲೆಯಲ್ಲಿ ಏನು ನಡೆದರೂ ಬಾಲಕ್ಕೆ ಗೊತ್ತಾಗುತ್ತದೆ.

ಈ ವಿನ್ಯಾಸದ ಕರ್ತೃ ಯೂಜೀನ್ ಸ್ಟೋನರ್ (೧೯೨೨–೧೯೯೭). ಎರಡನೆಯ ಮಹಾಯುದ್ಧದಲ್ಲಿ ಮೆರೀನ್ ಪಡೆಯಲ್ಲಿದ್ದವನು. ಕ್ಯಾಲಿಫೋರ್ನಿಯದ ಹಾಲಿವುಡ್ಡಿನಲ್ಲಿ, ಸಿನಿಮಾದವರ ನೆರೆಯಲ್ಲಿ, ಫೇರ್‌ಚೈಲ್ಡ್ ಎಂಬ ವಿಮಾನದ ಕಂಪನಿ ೧೯೫೪ರಲ್ಲಿ ‘ಆರ್ಮಲೈಟ್’ ಎಂಬ ಚಿಕ್ಕ ಶಾಖೆಯನ್ನು ತೆರೆದಿತ್ತು. ಅಲ್ಲಿ ಸ್ಟೋನರ್ ವಿಮಾನದ ಲೋಹವಾದ ಅಲ್ಯೂಮಿನಿಯಮ್ಮನ್ನೂ ಪ್ಲಾಸ್ಟಿಕ್ಕನ್ನೂ ಬಳಸಿ ಎಆರ್-೧೦ ಎಂಬ ರೈಫಲನ್ನು ಮಾಡಿದ. ಅದನ್ನೇ ಸಣ್ಣ ತೋಟಾಕ್ಕೆ ಒಗ್ಗಿಸಿದಾಗ ಎಆರ್-೧೫ ಹುಟ್ಟಿತು. ಈ ಒಗ್ಗಿಸುವ ಕೆಲಸದಲ್ಲಿ ಜಿಮ್ ಸಲಿವನ್ ಮತ್ತು ರಾಬರ್ಟ್ ಫ್ರಿಮಾಂಟ್ ಎಂಬಿಬ್ಬರ ಪಾಲು ದೊಡ್ಡದು. ನಳಿಗೆ, ಗಾಡಿ, ಬುಡ ಮೂರೂ ಒಂದೇ ಸರಳರೇಖೆಯಲ್ಲಿ ಇರುವುದು ಇದರ ವೈಶಿಷ್ಟ್ಯ. ಹಾಗಿರುವುದರಿಂದ ಸತತವಾಗಿ ಹಾರಿಸಿದರೂ ಮೂತಿ ಅಷ್ಟಾಗಿ ಮೇಲೇಳುವುದಿಲ್ಲ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಬುಡವನ್ನು ಮಡಿಸುವಂತಿಲ್ಲ, ಇಷ್ಟಬಂದಂತೆ ಮೊಟಕುಮಾಡುವಂತೆಯೂ ಇಲ್ಲ; ಅದರೊಳಗೆ ಬಾಲವಿದೆಯಲ್ಲ! ಈ ಬೆಲೆಯ ವಿಚಾರ ಮುಂದೆ ಬರುತ್ತದೆ.

೧೯೫೯ರಲ್ಲಿ ಆರ್ಮಲೈಟಿನವರು ಹಣದ ಮುಗ್ಗಟ್ಟಿನಿಂದ ಹಕ್ಕುಗಳನ್ನು ಕೋಲ್ಟ್ ಕಂಪನಿಗೆ ಮಾರಿದರು. ಕೋಲ್ಟಿನ ಕೈಯಲ್ಲಿಯೂ ಅದು ಸುಲಭವಾಗಿ ಚಲಾವಣೆಯಾಗಲಿಲ್ಲ. ಸೇನೆಯ ಶಸ್ತ್ರ ಇಲಾಖೆಗೆ ತನ್ನದೇ ಕಾರ್ಖಾನೆಯ ಎಂ-೧೪ ರೈಫಲಿನ ಮೇಲೆ ಪ್ರೀತಿ. ಹೊರಗಿನವರು ತಂದ, ಆಟಿಕೆಯಂತೆ ಹಗುರವಾದ ಈ ಕೋವಿ ಅವರಿಗೆ ಸವತಿಯ ಮಗುವಾಯಿತು. ೧೯೬೦ರ ಜುಲೈ ೪ರಂದು ವಾಯುಸೇನೆಯ ಜನರಲ್ ಕರ್ಟಿಸ್ ಲಿಮೇ ಒಂದು ತೋಟದ ಔತಣದಲ್ಲಿ ಇದರಿಂದ ಕಲ್ಲಂಗಡಿ ಹಣ್ಣುಗಳಿಗೆ ಗುಂಡು ಹೊಡೆದು ಮೆಚ್ಚಿಕೊಂಡನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂತೂ ೧೯೬೨ರಲ್ಲಿ ವಾಯುಸೇನೆ ೮,೫೦೦ ಕೋವಿಗಳನ್ನು ಕೊಂಡಿತು. ಅದೇ ವರ್ಷ ಸಾವಿರ ಕೋವಿಗಳು ಪರೀಕ್ಷೆಗೆಂದು ವಿಯೆಟ್ನಾಮಿಗೆ ಹೋದುವು. ಅಲ್ಲಿಂದ ಬಂದ ವರದಿಗಳು ಹೊಗಳಿಕೆಯವೇ. ೧೯೬೩ರ ನವೆಂಬರಿನಲ್ಲಿ ೧,೦೪,೦೦೦ ಕೋವಿಗಳಿಗೆ ಆರ್ಡರು ಹೋಯಿತು: ಭೂಸೇನೆಗೆ ೮೫,೦೦೦, ವಾಯುಸೇನೆಗೆ ೧೯,೦೦೦. ಇದು ಒಂದೇ ಸಲದ ಖರೀದಿ, ಮತ್ತೆ ಇಲ್ಲ, ಎಂದು ಭೂಸೇನೆ ಹೇಳಿಕೊಂಡಿತು.

ಇಲ್ಲಿಗೆ ಮೂಲಪಾಠ ಮುಗಿಯಿತೆನ್ನಬಹುದು. ಇನ್ನು ಲಿಪಿಕಾರರ ಕಾಲ.

ಹೊರಗಿನ ಕೋವಿಯನ್ನು ಕೊಳ್ಳಲೇಬೇಕಾದಾಗ ಇಲಾಖೆಯವರು ಅದನ್ನು ‘ಸೇನೆಗೆ ತಕ್ಕಂತೆ’ ಮಾಡಲು ಕುಳಿತರು. ಗುಂಡು ಸೆಕೆಂಡಿಗೆ ೩,೨೫೦ ಅಡಿ ವೇಗದಲ್ಲಿ ಹೊರಡಬೇಕು, ಆದರೆ ನಳಿಗೆಯೊಳಗಿನ ಒತ್ತಡ ಇಂತಿಷ್ಟನ್ನು ಮೀರಬಾರದು ಎಂದು ಕಾಗದದ ಮೇಲೆ ಗೆರೆ ಎಳೆದರು. ಸ್ಟೋನರ್ ತನ್ನ ಕೋವಿಯನ್ನು ರೂಪಿಸಿದುದು ಡ್ಯುಪಾಂಟ್ ಕಂಪನಿಯ ಒಂದು ಮದ್ದಿಗೆ. ಸಣ್ಣ ಕಡ್ಡಿಗಳ ಆಕಾರದ ಆ ಮದ್ದನ್ನು ಅಪಾರ ಪ್ರಮಾಣದಲ್ಲಿ ತಯಾರಿಸುವಾಗ ಎಳೆದ ಗೆರೆಯೊಳಗೆ ನಿಲ್ಲಿಸುವುದು ಆಗದೆಂದು ತಯಾರಕರು ಕೈಚೆಲ್ಲಿದರು. ಆಗ ೧೯೬೪ರಲ್ಲಿ ಇನ್ನೊಂದು ಮದ್ದು ಬಂದಿತು. ಓಲಿನ್ ಮ್ಯಾಥೀಸನ್ ಕಂಪನಿಯ, ಸಾಸಿವೆಕಾಳಿಗಿಂತಲೂ ಸಣ್ಣ ಗುಂಡುಗುಂಡು ಹರಳುಗಳ ‘ಬಾಲ್ ಪೌಡರ್’. ಸೇನೆಯ ಬೇರೆ ತೋಟಾಗಳಲ್ಲಿ ಆಗಲೇ ಬಳಕೆಯಲ್ಲಿದ್ದುದು.

ಕಾಗದದ ಲೆಕ್ಕದಲ್ಲಿ ಎರಡೂ ಒಂದೇ: ಅದೇ ವೇಗ, ಅದೇ ಗರಿಷ್ಠ ಒತ್ತಡ. ವ್ಯತ್ಯಾಸವಿದ್ದುದು ಉರಿಯುವ ರೀತಿಯಲ್ಲಿ. ಹೊಸ ಮದ್ದು ನಿಧಾನವಾಗಿ ಉರಿದು ಗುಂಡನ್ನು ಹೆಚ್ಚು ದೂರ ದೂಡಿಕೊಂಡು ಹೋಗುತ್ತಿತ್ತು. ಅನಿಲ ಕದಿಯುವ ತೂತಿದೆಯಲ್ಲ, ಅಲ್ಲಿಗೆ ಗುಂಡು ಬರುವಾಗ ಹಿಂದೆ ಇದ್ದುದಕ್ಕಿಂತ ಹೆಚ್ಚಿನ ಒತ್ತಡ. ಹಾಗಾಗಿ ಗಾಡಿಗೆ ಬಿದ್ದ ತಳ್ಳು ಜೋರಾಯಿತು. ನಿಮಿಷಕ್ಕೆ ಏಳೆಂಟುನೂರು ಗುಂಡಿನ ಲೆಕ್ಕದಲ್ಲಿ ಓಡಬೇಕಾದ ಯಂತ್ರ ಸಾವಿರದ ಹತ್ತಿರ ಹೋಯಿತು. ಜೊತೆಗೆ ಈ ಮದ್ದಿನಲ್ಲಿ ಆಮ್ಲವನ್ನು ಶಮನಗೊಳಿಸಲು ಬೆರೆಸಿದ ಸುಣ್ಣದ ಅಂಶ, ಕ್ಯಾಲ್ಸಿಯಂ ಕಾರ್ಬೋನೇಟು, ಮಸಿಯೊಡನೆ ಕೂಡಿ ಆ ತೆಳ್ಳನೆಯ ಕೊಳವೆಯೊಳಗೆ ಹೆಪ್ಪುಗಟ್ಟುತ್ತಿತ್ತು. ಕೋವಿ ಮಾಡಿದವನನ್ನು ಈ ಬಗ್ಗೆ ಯಾರೂ ಮೊದಲು ಕೇಳಲಿಲ್ಲ. ನಿರ್ಧಾರವಾದ ಮೇಲೆ ಕರೆದು ಅಭಿಪ್ರಾಯ ಕೇಳಿದರು. ತನಗೆ ಒಪ್ಪಿಗೆಯಿಲ್ಲವೆಂದು ಅವನು ಹೇಳಿದ. ಅಷ್ಟರಲ್ಲಿ ಕಾಗದಕ್ಕೆ ಸಹಿ ಬಿದ್ದಾಗಿತ್ತು. ನಮ್ಮ ಸಮಿತಿಗಳ ಅನುಭವವಿರುವವರಿಗೆ ಇದು ಹೊಸದಾಗಿ ಕಾಣಲಾರದು.

ಆಮೇಲೆ ನಡೆದುದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕಾರ್ಖಾನೆಯಿಂದ ಹೊರಡುವ ಕೋವಿಗಳನ್ನು ಹಾರಿಸಿ ನೋಡಿ ಸೇನೆ ಒಪ್ಪಿಕೊಳ್ಳಬೇಕು; ನಿಮಿಷಕ್ಕೆ ಇಷ್ಟಕ್ಕಿಂತ ಹೆಚ್ಚು ಹಾರಿಸಿದರೆ ತಿರಸ್ಕರಿಸಬೇಕು. ಹೊಸ ಮದ್ದಿನಲ್ಲಿ ಹಾರಿಸಿದರೆ ಅನೇಕ ಕೋವಿಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲವೆಂದು ಕೋಲ್ಟಿನವರು ದೂರಿದರು. ಅದಕ್ಕೆ ಸೇನೆ ಕಂಡುಕೊಂಡ ಪರಿಹಾರ ಹೀಗಿದೆ: ಪರೀಕ್ಷೆಗೆ ಹಳೆಯ ಮದ್ದಿನ ತೋಟಾವನ್ನೇ ಬಳಸಿಕೊಳ್ಳಬಹುದು. ಹಳೆಯ ಮದ್ದಿನಲ್ಲಿ ತೇರ್ಗಡೆಯಾದ ಕೋವಿಗಳು ಹಡಗು ಹತ್ತಿ ವಿಯೆಟ್ನಾಮಿಗೆ ಹೋದುವು. ಅಲ್ಲಿ ಸೈನಿಕನ ಚೀಲದಲ್ಲಿದ್ದುದು ಹೊಸ ಮದ್ದಿನ ತೋಟಾ. ಮೇಷ್ಟರಾಗಿ ನಾನು ಪರೀಕ್ಷೆಯಲ್ಲಿ ಬಹಳ ಬಗೆಯ ಮೋಸಗಳನ್ನು ಕಂಡಿದ್ದೇನೆ. ಪರೀಕ್ಷಕರೇ ಪ್ರಶ್ನೆಪತ್ರಿಕೆಯನ್ನು ಬದಲಾಯಿಸಿ, ಓದದ ಪಾಠದ ಮೇಲೆ ಹುಡುಗನನ್ನು ಊರಿಗೆ ಕಳಿಸಿದ ಇಂಥದೊಂದನ್ನು ಕಂಡಿರಲಿಲ್ಲ.

ಈಗ ಕಟಕಟ ಸದ್ದಿಗೆ ಬರೋಣ.

ಮೊದಲಿನ ಬಫರು ಹಗುರವಾದದ್ದು. ಒಳಗೆ ಉಂಗುರಗಳ ಒಂದು ಜೋಡಣೆ. ಗಾಡಿ ಹಿಂದಕ್ಕೆ ಬಂದು ಬಡಿದಾಗ ಆ ಉಂಗುರಗಳು ಒಂದಕ್ಕೊಂದು ಉಜ್ಜಿ ಏಟನ್ನು ನುಂಗುತ್ತಿದ್ದುವು. ಹಿಂದಿನ ಏಟಿಗೆ ಅದು ಸಾಕು. ತೊಂದರೆ ಬಂದುದು ಮುಂದಿನ ಏಟಿನಿಂದ. ಸ್ಪ್ರಿಂಗಿನ ಬಲದಿಂದ ಮುಂದೆ ಧಾವಿಸಿದ ಗಾಡಿ ನಳಿಗೆಯ ಬುಡಕ್ಕೆ ಬಡಿದು ನಿಲ್ಲಬೇಕಷ್ಟೆ? ನಿಲ್ಲುವುದಿಲ್ಲ, ಕಲ್ಲಿಗೆ ಹೊಡೆದ ಸುತ್ತಿಗೆಯಂತೆ ಕೂದಲೆಳೆಯಷ್ಟು ಹಿಂದಕ್ಕೆ ಪುಟಿಯುತ್ತದೆ. ಸತತವಾಗಿ ಹಾರಿಸುವಾಗ ಸರಿಯಾಗಿ ಆ ಕ್ಷಣದಲ್ಲಿಯೇ ಒಳಗಿನ ಸುತ್ತಿಗೆ ಬಿದ್ದರೆ ತೋಟಾದ ಕೇಪಿಗೆ ಪೂರ್ತಿ ಏಟು ತಗಲುವುದಿಲ್ಲ, ಕೋವಿ ಮೌನವಾಗುತ್ತದೆ. ಗಾಡಿಯ ವೇಗ ಹೆಚ್ಚಿದಷ್ಟೂ ಈ ಪುಟಿತದ ಕಾಟ ಹೆಚ್ಚು.

ಕೋಲ್ಟ್ ಕಂಪನಿಯ ಇಂಜಿನಿಯರ್ ಫಾಸ್ಟರ್ ಸ್ಟರ್ಟವೆಂಟ್ ಇದಕ್ಕೆ ಕಂಡುಹಿಡಿದ ಉಪಾಯ ನಮ್ಮ ಹಳ್ಳಿಯ ಹುಡುಗನಿಗೂ ಹೊಳೆಯಬಹುದಾದಷ್ಟು ಸರಳ. ಚೆಂಡು ನೆಲಕ್ಕೆ ಬಿದ್ದರೆ ಪುಟಿಯುತ್ತದೆ. ಅಷ್ಟೇ ತೂಕದ ರಾಗಿಯ ಗಂಟು ಬಿದ್ದರೆ ಪುಟಿಯುವುದಿಲ್ಲ. ಒಳಗಿನ ಕಾಳುಗಳು ಒಂದರ ಹಿಂದೊಂದು ಬಂದು ಒತ್ತಿ ಗಂಟನ್ನು ಅಲ್ಲಿಯೇ ಕೂರಿಸಿಬಿಡುತ್ತವೆ. ಸ್ಟರ್ಟವೆಂಟ್ ಬಫರಿನ ಹೊಟ್ಟೆಯನ್ನು ಪೊಳ್ಳುಮಾಡಿ, ಐದು ಉಕ್ಕಿನ ಬಿಲ್ಲೆಗಳನ್ನು ನಡುನಡುವೆ ರಬ್ಬರಿನ ತುಂಡಿಟ್ಟು ಸಡಿಲವಾಗಿ ತುಂಬಿದ. ಗಾಡಿ ಮುಂದೆ ಬಡಿದು ಹಿಂದಕ್ಕೆ ಪುಟಿಯಲು ಹೊರಟಾಗ, ಇನ್ನೂ ಮುಂದಕ್ಕೆ ಚಲಿಸುತ್ತಿರುವ ಬಿಲ್ಲೆಗಳು ಒಂದು, ಎರಡು, ಮೂರು ಎಂದು ಹಿಂದಿನಿಂದ ಬಂದು ತಟ್ಟುತ್ತವೆ. ಪುಟಿತ ಅಲ್ಲಿಯೇ ಸಾಯುತ್ತದೆ. ಜೊತೆಗೆ ಬಾಲದ ತೂಕ ಹೆಚ್ಚಿದುದರಿಂದ ಇಡೀ ಯಂತ್ರದ ಓಟವೂ ತಗ್ಗಿತು. ೧೯೬೬ರ ಡಿಸೆಂಬರಿನಲ್ಲಿ ಸೇನೆ ಇದನ್ನು ಒಪ್ಪಿಕೊಂಡಿತು. ೧೯೬೮ರ ಜನವರಿಯಲ್ಲಿ ಅವನಿಗೆ ಪೇಟೆಂಟು ದೊರೆಯಿತು.

ಉಪಾಯ ಚೆಲುವಾದದ್ದು, ಇದರಲ್ಲಿ ಸಂಶಯವಿಲ್ಲ. ಆದರೂ ನಾನು ಓದುತ್ತ ಓದುತ್ತ ನೆನೆದುದು ನಮ್ಮ ಓಲೆಗರಿಯ ಲಿಪಿಕಾರರನ್ನು. ಪದ್ಯದ ಒಂದು ಪಾದದಲ್ಲಿ ಒಬ್ಬ ಲಿಪಿಕಾರ ಎರಡನೆಯ ಅಕ್ಷರವನ್ನು ತಪ್ಪಾಗಿ ಬರೆಯುತ್ತಾನೆ, ಪ್ರಾಸ ಕೆಡುತ್ತದೆ. ಅವನ ತರುವಾಯ ಬಂದವನು ಜಾಣ. ಪ್ರಾಸ ಕೆಟ್ಟುದು ಅವನಿಗೆ ತಿಳಿಯುತ್ತದೆ. ಆದರೆ ತಪ್ಪಾದ ಅಕ್ಷರವನ್ನು ತಿದ್ದುವ ಬದಲು ಮುಂದಿನ ಪಾದಗಳನ್ನೆಲ್ಲ ಆ ತಪ್ಪಿಗೆ ಪ್ರಾಸವಾಗುವಂತೆ ಬದಲಾಯಿಸುತ್ತಾನೆ. ಪದ್ಯ ಈಗ ಓಡುತ್ತದೆ, ಕಿವಿಗೆ ಹಿತವಾಗಿಯೂ ಇರುತ್ತದೆ. ಮೂಲ ಮಾತ್ರ ಮರೆಯಾಯಿತು. ೧೯೬೬ರಲ್ಲಿ ಆದುದು ಹೀಗೆಯೇ. ತಪ್ಪು ಬಿದ್ದುದು ತೋಟಾದ ಮದ್ದಿನಲ್ಲಿ, ತಿದ್ದಿದುದು ಕೋವಿಯ ಬಾಲವನ್ನು. ಮದ್ದು ಹಾಗೆಯೇ ಮುಂದುವರಿಯಿತು. ಅದರೊಳಗಿನ ಸುಣ್ಣದ ಅಂಶವನ್ನು ಕಡಮೆ ಮಾಡಿದುದೂ ಎಷ್ಟೋ ತಡವಾಗಿ. ಹಳೆಯ ಮದ್ದಿನಲ್ಲಿ ಪುಟಿತ ಇರಲೇ ಇಲ್ಲವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಸ್ಟರ್ಟವೆಂಟನ ಬಫರು ಹೇಗಿದ್ದರೂ ಹಿಂದಿನದಕ್ಕಿಂತ ಉತ್ತಮವಾದುದೇ. ಆದರೆ ಅವಸರ ಬಂದುದು ಮದ್ದಿನಿಂದ.

ಮತ್ತು ಬಾಲವೊಂದನ್ನು ತಿದ್ದಿದರೆ ಸಾಕಾಗಲಿಲ್ಲ. ೧೯೬೭ರ ವಸಂತದಲ್ಲಿ ಮೆರೀನ್ ಪಡೆಗಳ ಕೈಯಿಂದ ಎಂ-೧೪ ತೆಗೆದುಕೊಂಡು ಹೊಸ ಎಂ-೧೬ ಕೊಟ್ಟರು. ಏಪ್ರಿಲ್, ಮೇ ತಿಂಗಳಲ್ಲಿ ಖೆ ಸಾನ್ ಬಳಿಯ ಗುಡ್ಡಗಳಲ್ಲಿ ಭೀಕರವಾದ ಕಾಳಗವಾಯಿತು. ಅಲ್ಲಿದ್ದ ಒಬ್ಬ ಮೆರೀನ್ ಮನೆಗೆ ಕಾಗದ ಬರೆದ. ತಮ್ಮವರಲ್ಲಿ ಬಹುಮಂದಿಯನ್ನು ಕೊಂದುದು ತಮ್ಮದೇ ರೈಫಲು ಎಂದು ಅವನ ದೂರು. ಸತ್ತವರ ಪಕ್ಕದಲ್ಲಿ ಅವರ ಕೋವಿಗಳು ಬಿಚ್ಚಿದ ಸ್ಥಿತಿಯಲ್ಲಿ ಬಿದ್ದಿದ್ದುವಂತೆ. ಸಿಕ್ಕಿಕೊಂಡ ಕೋವಿಯನ್ನು ಸರಿಪಡಿಸಿಕೊಳ್ಳುತ್ತಿದ್ದಾಗಲೇ ಅವರಿಗೆ ಗುಂಡು ತಗುಲಿತ್ತು. ಆ ಕಾಗದವನ್ನು ನ್ಯೂಜೆರ್ಸಿಯ ಪ್ರತಿನಿಧಿ ಜೇಮ್ಸ್ ಹೊವರ್ಡ್ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಓದಿದ.

ಅವರ ಕೋವಿಗಳು ಕೈಕೊಟ್ಟುದು ಹೆಚ್ಚಾಗಿ ಪುಟಿತದಿಂದಲ್ಲ, ಖಾಲಿ ತೋಟಾ ಗೂಡಿನಿಂದ ಹೊರಬಾರದೆ ಕಚ್ಚಿಕೊಂಡುದರಿಂದ. ಕಾಡಿನ ತೇವಕ್ಕೆ ಗೂಡು ತುಕ್ಕು ಹಿಡಿದು ಒರಟಾಗುತ್ತಿತ್ತು. ಗೂಡಿಗೆ ಕ್ರೋಮಿಯಂ ಲೇಪ ಕೊಡುವ ಪದ್ಧತಿ ಸೇನೆಗೆ ಚೆನ್ನಾಗಿ ಗೊತ್ತಿತ್ತು, ಎಂ-೧೪ಕ್ಕೆ ಕೊಡುತ್ತಿದ್ದರು, ಇದಕ್ಕೆ ಕೊಟ್ಟಿರಲಿಲ್ಲ. ಈ ಕೋವಿಯನ್ನು ಶುಚಿಮಾಡುವ ಅಗತ್ಯವೇ ಇಲ್ಲವೆಂಬ ಸುದ್ದಿ ಬೇರೆ ಹಬ್ಬಿತ್ತು. ಎಷ್ಟೋ ಮಂದಿಗೆ ಶುಚಿಮಾಡುವ ಸಾಮಾನೇ ಸಿಕ್ಕಿರಲಿಲ್ಲ. ಹುಡುಗರು ಮನೆಗೆ ಬರೆದು ಕುಂಚ, ಎಣ್ಣೆ ತರಿಸಿಕೊಳ್ಳುತ್ತಿದ್ದರು. ಅವಸರದ ಗಾಡಿಯ ಪಾತ್ರ ಇಲ್ಲಿಯೂ ಇದೆ: ತೋಟಾದ ಹಿತ್ತಾಳೆ ಇನ್ನೂ ಉಬ್ಬಿಕೊಂಡು ಗೂಡಿಗೆ ಅಂಟಿರುವಾಗಲೇ ಅದನ್ನು ಎಳೆಯುವ ಕೊಂಡಿ ಬಂದು ಜಗ್ಗುತ್ತಿತ್ತು.

ಅದೇ ಮೇ ತಿಂಗಳಲ್ಲಿ ಮಿಸೂರಿಯ ರಿಚರ್ಡ್ ಐಕಾರ್ಡ್ ಎಂಬ ಸದಸ್ಯನ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕುಳಿತಿತು. ಅಕ್ಟೋಬರಿನಲ್ಲಿ ಅದರ ವರದಿ ಹೊರಬಂದಿತು. ಸರ್ಕಾರದ ವರದಿಗಳ ಶೈಲಿ ನಮಗೆಲ್ಲ ಗೊತ್ತಿರುವುದೇ. ಯಾರನ್ನೂ ನೋಯಿಸದಂತೆ ಬರೆಯುವುದು ಅದರ ಲಕ್ಷಣ. ಈ ವರದಿ ಹಾಗಿಲ್ಲ. ಮದ್ದಿನ ಬದಲಾವಣೆಯೇ ತೊಂದರೆಯ ದೊಡ್ಡ ಮೂಲವೆಂದೂ, ಅದನ್ನು ತಿಳಿದೂ ಸರಿಪಡಿಸದ ಅಧಿಕಾರಿಗಳ ನಡತೆ ಅಪರಾಧದ ಅಂಚಿಗೆ ಬರುವ ನಿರ್ಲಕ್ಷ್ಯವೆಂದೂ ಅದು ಬರೆಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕೋವಿ ಮಾತ್ರ ಸುಧಾರಿಸಿತು: ಗೂಡಿಗೆ ಕ್ರೋಮಿಯಂ ಬಂದಿತು, ಸಾಮಾನಿನ ಚೀಲ ಬಂದಿತು. ೧೯೬೮ರಲ್ಲಿ ಹೆಸರಾಂತ ಚಿತ್ರಕಥೆಗಾರ ವಿಲ್ ಐಸ್ನರನ ಕೈಯಿಂದ, ಕೋವಿಯನ್ನು ಹೇಗೆ ಶುಚಿಯಾಗಿಡಬೇಕೆಂದು ಬಣ್ಣದ ಚಿತ್ರಗಳಲ್ಲಿ ಹೇಳುವ ಕಿರುಹೊತ್ತಗೆಯೂ ಬಂದಿತು. ಹದಿಮೂರು ವರ್ಷದ ತರುವಾಯ, ೧೯೮೧ರಲ್ಲಿ, ಜೇಮ್ಸ್ ಫ್ಯಾಲೋಸ್ ಎಂಬ ಪತ್ರಕರ್ತ ಈ ವರದಿಯನ್ನು ಮತ್ತೆ ಧೂಳು ಕೊಡವಿ ಜನಕ್ಕೆ ಪರಿಚಯಿಸಿದ. ಅಲ್ಲಿಯವರೆಗೆ ಅದು ಯಾವುದೋ ಕಪಾಟಿನಲ್ಲಿತ್ತು.

ಇನ್ನು ಕಾರ್ಬೈನಿನ ವಿಚಾರ. ಕಾರ್ಬೈನ್ ಎಂದರೆ ಮೊದಲಲ್ಲಿ ಕುದುರೆ ಸವಾರನ ಗಿಡ್ಡ ಕೋವಿ. ವಿಯೆಟ್ನಾಮಿನಲ್ಲಿ ಕುದುರೆ ಇರಲಿಲ್ಲ. ಹೆಲಿಕಾಪ್ಟರಿನಿಂದ ಧುಮುಕುವವರು, ಪೊದೆಗಳಲ್ಲಿ ನುಸುಳುವವರು ಇದ್ದರು. ಅವರಿಗಾಗಿ ೧೯೬೫ರ ಸುಮಾರಿಗೆ ಕೋಲ್ಟಿನವರು ಇದೇ ರೈಫಲನ್ನು ಮೊಟಕುಮಾಡತೊಡಗಿದರು. ಇಪ್ಪತ್ತು ಅಂಗುಲದ ನಳಿಗೆ ಹತ್ತು ಅಂಗುಲವಾಯಿತು. ಎಕ್ಸ್‌ಎಂ-೧೭೭ ಎಂದು ಹೆಸರು ಪಡೆದು ೧೯೬೭ರ ಹೊತ್ತಿಗೆ ಹನ್ನೊಂದೂವರೆ ಅಂಗುಲಕ್ಕೆ ನಿಂತಿತು. ಆದರೆ ಬುಡವನ್ನೂ ಗಿಡ್ಡಮಾಡಬೇಕಲ್ಲ? ಸ್ಟೋನರ್ ಹಿಂದೆ ತೆತ್ತ ಬೆಲೆಯ ಬಡ್ಡಿ ಇಲ್ಲಿ ಬಂದಿತು. ಬುಡದ ಕೊಳವೆ ಕುಗ್ಗಿತು, ಸ್ಪ್ರಿಂಗು ಕುಗ್ಗಿತು, ಬಫರೂ ಕುಗ್ಗಿತು. ಐದು ಬಿಲ್ಲೆಯ ಜಾಗದಲ್ಲಿ ಮೂರೇ ಬಿಲ್ಲೆ. ರೈಫಲಿನ ಬಫರು ಐದು ಔನ್ಸಿಗೆ ಮೇಲಿದ್ದರೆ ಇದು ಮೂರೇ ಔನ್ಸು, ಎಂದರೆ ಸುಮಾರು ೮೫ ಗ್ರಾಂ.

ತಲೆಯ ಕಡೆ ನಡೆದುದು ಇದಕ್ಕೆ ತದ್ವಿರುದ್ಧ. ನಳಿಗೆ ಗಿಡ್ಡವಾದುದರಿಂದ ಅನಿಲ ಕದಿಯುವ ತೂತನ್ನೂ ಹಿಂದಕ್ಕೆ, ತೋಟಾದ ಗೂಡಿಗೆ ಹತ್ತಿರಕ್ಕೆ ತರಬೇಕಾಯಿತು. ಅಲ್ಲಿ ಅನಿಲ ಇನ್ನೂ ಬಿಸಿ, ಇನ್ನೂ ರಭಸ. ಹೆಚ್ಚಿನ ತೂಕ ಯಾವಾಗ ಅತ್ಯಗತ್ಯವೋ ಆಗಲೇ ತೂಕಕ್ಕೆ ಜಾಗವಿಲ್ಲದೆ ಹೋಯಿತು. ಜಾಗ ಹೆಚ್ಚಿಸಲಾಗದಿದ್ದರೆ ಲೋಹವನ್ನು ಬದಲಾಯಿಸಬೇಕು. ಉಕ್ಕಿಗಿಂತ ಟಂಗ್‌ಸ್ಟನ್ ಎರಡೂವರೆ ಪಟ್ಟು ಭಾರ. ಮೂರು ಉಕ್ಕಿನ ಬಿಲ್ಲೆಗಳಲ್ಲಿ ಒಂದನ್ನು ತೆಗೆದು ಟಂಗ್‌ಸ್ಟನ್ ಇಟ್ಟರೆ ೧೦೮ ಗ್ರಾಂ, ಎರಡಾದರೆ ೧೩೦, ಮೂರೂ ಆದರೆ ೧೫೩. ಚಿಕ್ಕ ದೇಹದಲ್ಲಿ ದೊಡ್ಡಣ್ಣನ ತೂಕ. ೧೯೯೪ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಎಂ-೪ ಕಾರ್ಬೈನಿನಲ್ಲಿ ಈ ಭಾರದ ಬಫರುಗಳೇ ಬಂದುವು.

ಅಕ್ಕನ ತಕ್ಕಡಿಯ ಮೇಲಿದ್ದುದು ಇವೇ ನಾಲ್ಕು! ಹುಡುಗನ ಚೀಟಿಯಲ್ಲಿದ್ದುದೂ ಹೆಚ್ಚು ಕಡಿಮೆ ಇವೇ ಅಂಕಿಗಳು. ಅವನ ಕೋವಿ ಸತತವಾಗಿ ಹಾರುವಂಥದಲ್ಲ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು. ಸತತ ಹಾರಿಸುವ ಹೊಸ ಕೋವಿಗಳನ್ನು ೧೯೮೬ರಿಂದ ಅಲ್ಲಿನ ನಾಗರಿಕರು ಹೊಂದುವಂತಿಲ್ಲ. ಹಾಗಾದರೆ ಪುಟಿತವನ್ನು ಕೊಲ್ಲಲೆಂದೇ ಹುಟ್ಟಿದ ಆ ಸಡಿಲ ಬಿಲ್ಲೆಗಳಿಗೆ ಅವನ ಕೋವಿಯಲ್ಲಿ ಅಂಥ ಕೆಲಸವೇ ಇಲ್ಲ. ತೂಕವೊಂದು ಬೇಕು, ಗಾಡಿ ಅವಸರಪಡದಿರಲು. ಕಟಕಟ ಎನ್ನುವುದು, ಉಚ್ಚಾರಣೆ ಹೋದ ಮೇಲೂ ಕೆಲವು ಕಾಲ ಬರವಣಿಗೆಯಲ್ಲಿ ಉಳಿದಿದ್ದ ನಮ್ಮ ಶಕಟರೇಫದಂತೆ, ಬಂದ ದಾರಿಯ ಗುರುತು. ಹೀಗೆಂದು ಅವನಿಗೆ ಹೇಳಿದೆ. ಶಕಟರೇಫ ಎಂದರೇನೆಂದು ಕೇಳಿದ. ಅರ್ಧ ಗಂಟೆ ಅದರಲ್ಲಿ ಹೋಯಿತು.

ಈ ವಂಶ ನಮ್ಮ ದೇಶಕ್ಕೂ ಬಂದಿದೆ. ೨೦೧೯ರ ಫೆಬ್ರುವರಿಯಲ್ಲಿ ಭಾರತ ಸರ್ಕಾರ ನಮ್ಮ ಪಡೆಗಳಿಗಾಗಿ ಅಮೆರಿಕದಿಂದ ೭೨,೪೦೦ ಸಿಗ್-೭೧೬ ರೈಫಲುಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅನಿಲ ಹಾಯಿಸುವ ಕ್ರಮ ಬೇರೆಯಾದರೂ ಒಡಲು ಸ್ಟೋನರನ ಎಆರ್-೧೦ರದೇ. ಬುಡದಲ್ಲಿ ಅದೇ ಕೊಳವೆ, ಅದೇ ಬಾಲ.

ಮೆರೀನನ ಕಾಗದದ ವಿಷಯವನ್ನು ಹುಡುಗನಿಗೆ ಹೇಳಿದಾಗ ಅವನು ತೂಗುವುದನ್ನು ನಿಲ್ಲಿಸಿದ. ಬಿಲ್ಲೆಗಳ ತೂಕ ಅವನಿಗೆ ಗ್ರಾಂ ಲೆಕ್ಕದಲ್ಲಿ ಬಾಯಿಪಾಠ. ಈ ಕಾಗದದ ಸುದ್ದಿಯನ್ನೇ ಕೇಳಿರಲಿಲ್ಲ. ಅವನ ವಯಸ್ಸಿನವನೇ ಬರೆದಿರಬೇಕು. ಸ್ವಲ್ಪ ಹೊತ್ತು ಬಿಟ್ಟು, ಈಗ ಎರಡು ದಾರಿಗಳಿವೆ ಎಂದ. ನಳಿಗೆಯ ತೂತಿನ ಬಳಿ ಒಂದು ತಿರುಪನ್ನಿಟ್ಟು, ಬರುವ ಅನಿಲವನ್ನೇ ಅಲ್ಲಿಯೇ ಕಡಮೆ ಮಾಡಬಹುದು. ಇಲ್ಲವೆ ಅದು ಬರುವಷ್ಟು ಬರಲಿ ಎಂದು ಬಿಟ್ಟು, ಬಾಲಕ್ಕೆ ಭಾರದ ಬಫರನ್ನು ಹಾಕಬಹುದು.

“ನೀವಾಗಿದ್ದರೆ ಯಾವುದು ಮಾಡ್ತಿದ್ರಿ ಮಾಮ?”

“ತಪ್ಪು ಎಲ್ಲಿದೆಯೋ ಅಲ್ಲೇ ತಿದ್ದುತ್ತಿದ್ದೆ” ಎಂದೆ. ಗ್ರಂಥಸಂಪಾದನೆಯ ಪಾಠ ಹೇಳುವವನು ಬೇರೇನು ಹೇಳಿಯಾನು?

ಅವನು ತಲೆಯಾಡಿಸಿದ. ಆ ತಿರುಪು ಮಸಿ ಹಿಡಿದು ಕಚ್ಚಿಕೊಳ್ಳುತ್ತದಂತೆ. ಚಳಿಗೊಂದು, ಸೆಕೆಗೊಂದು ಎಂದು ತಿರುಗಿಸುತ್ತಿರಬೇಕಂತೆ. ಬಫರಾದರೆ ಎರಡು ನಿಮಿಷದ ಕೆಲಸ. ೧೩೦ ಗ್ರಾಂನದನ್ನು ಎತ್ತಿಕೊಂಡು, ನನ್ನ ಹಾಗೆಯೇ ಕಿವಿಯ ಬಳಿ ಅಲುಗಿಸಿ ನೋಡಿ ಪಕ್ಕಕ್ಕಿಟ್ಟ. ಉಳಿದ ಮೂರನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಒಳಗಿನಿಂದ ಅಕ್ಕ, “ಆ ತಕ್ಕಡೀನ ತೊಳೆದು ಇಡೋ, ಸಾಯಂಕಾಲ ಪುಡಿ ಮಾಡಬೇಕು” ಎಂದು ಕೂಗಿದಳು.